ಕೋಟೆ ಬಾಗಿಲ ಬುಡದ ಕಲ್ಲು

ನಮ್ಮ ಡ್ರಾಯಿಂಗ್ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಇದ್ದಿಲಿನ ಕರಿ. ಆ ಬೆರಳನ್ನು ತೋಳುದ್ದ ಮುಂದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ, ಆದೋನಿ ಕೋಟೆಯ ಬುರುಜುಗಳನ್ನು ಅಳೆಯುತ್ತ ನಿಲ್ಲುತ್ತಿದ್ದರು. ಗುಡ್ಡ ಹತ್ತಿ ಬಂದ ಉಬ್ಬಸ ಆರುವವರೆಗೂ ಈ ಅಳತೆ ನಡೆಯುತ್ತಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಎರಡನೇ ಮಹಾಯುದ್ಧದ ವರ್ಷಗಳವು. ಆಲೂರಿನಿಂದ ಬಂದ ನಾನು ಆದೋನಿಯಲ್ಲಿ ಮೇಷ್ಟ್ರಿದ್ದ ಶಾಲೆಯಲ್ಲೇ ಲೆಕ್ಕ ಹೇಳಿಕೊಡುತ್ತಿದ್ದೆ. ಯಾರ ಮನೆಗೆ ನೆಂಟರು ಬರಲಿ, ಮಂತ್ರಾಲಯಕ್ಕೆ ಹೊರಟವರು ಒಂದು ದಿನ ತಂಗಲಿ, ಕೋಟೆ ತೋರಿಸಲು ಮೇಷ್ಟ್ರಿಗೇ ಬುಲಾವ್. ಇಲ್ಲ ಅನ್ನಲು ಬಾರದ ಮನುಷ್ಯ. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಬಾಗಿಲ ಮುಂದಿನ ದಾರಿ ಯಾಕೆ ಸೊಟ್ಟಗಿದೆ, ಆನೆ ಓಡಿಬಂದು ಕದಕ್ಕೆ ಹಾಯದಂತೆ ಅದನ್ನು ಹೇಗೆ ತಿರುಗಿಸಿದ್ದಾರೆ, ಗಾರೆಯಿಲ್ಲದೆ ಬಂಡೆಯ ಮೇಲೆ ಬಂಡೆ ಹೇಗೆ ಕೂತಿದೆ, ಎಲ್ಲ ತೋರಿಸುವರು. ಬಂದವರು ಕೇಳುತ್ತಿದ್ದುದು ಮಾತ್ರ ಒಂದೇ: ನಿಧಿ ಎಲ್ಲಿದೆ?

"ಇದ್ದಿದ್ದರ ಈ ಹರಕ ಚಪ್ಪಲಿ ಮೆಟ್ಟಿಗೊಂಡು ನಿಮ್ಮ ಜೋಡಿ ಯಾಕ ಗುಡ್ಡ ಹತ್ತತಿದ್ದೆನ್ರಿ?" ಎಂದು ನಗುವರು. ಆ ನಗೆಯಲ್ಲಿ ದಣಿವು ಕಾಣುತ್ತಿತ್ತು.

ತರಗತಿಯಲ್ಲಿ ಅವರದು ಒಂದೇ ಮಾತು: "ಕಂಡದ್ದು ಬರೀರಿ. ಕಾಣಲಾರದ್ದು ಬರೀಬ್ಯಾಡ್ರಿ." ಯಾವನಾದರೂ ಕೋಟೆ ಬರೆದು ಮೇಲೊಂದು ಬಾವುಟ ಹಾರಿಸಿದ್ದರೆ, ಅದನ್ನು ಅಳಿಸುವವರೆಗೂ ಬಿಡುತ್ತಿರಲಿಲ್ಲ.

"ಒಂದು ಬಾವುಟಕ್ಕ ಯಾಕ ಸಾರ್ ಇಷ್ಟು ಜಗ್ಗಾಟ?" ಎಂದು ಒಮ್ಮೆ ರೇಗಿಯೇ ಕೇಳಿದೆ.

"ಇಲ್ಲಾರದ್ದನ್ನ ನೀವು ನಿಮ್ಮ ಲೆಕ್ಕದಾಗ ಕೂಡಸ್ತೀರೇನ್ರಿ?" ಅಂದರು.

ಆಗ ಮನೆ ಕಟ್ಟುವವರಿಗೆಲ್ಲ ಕೋಟೆಯೇ ಕಲ್ಲಿನ ಗಣಿ. ಬಂಡಿ ಹೂಡಿಕೊಂಡು ಬಂದು, ಹಾರೆ ಹಾಕಿ ಎಬ್ಬಿಸಿ ಒಯ್ಯುವರು. ಸಾಹುಕಾರರ ಜಗಲಿ, ಬಾವಿಕಟ್ಟೆ, ದನದ ಕೊಟ್ಟಿಗೆ ಎನ್ನುತ್ತ ಕೋಟೆ ಇಷ್ಟಿಷ್ಟೇ ಇಳಿದು ಊರೊಳಗೆ ಬರುತ್ತಿತ್ತು. ಮೇಷ್ಟ್ರು ಕಚೇರಿಗಳಿಗೆ ಅಲೆದರು. ಎಲ್ಲರೂ "ಚೂಸ್ತಾಂ, ಚೂಸ್ತಾಂ", ನೋಡೋಣ ನೋಡೋಣ, ಎಂದು ತೆಲುಗಿನಲ್ಲೇ ಸಾಗಹಾಕಿದರು. ಒಂದು ದಿನ ನೋಡಿದರೆ, ಕೆಳಗಿನ ಬಾಗಿಲ ಬುಡಕ್ಕೇ ಹಾರೆ ಬಿದ್ದಿದೆ. ಎಡಬದಿಯ ಬುಡದಲ್ಲೊಂದು ದಪ್ಪ ಕಲ್ಲು. ಅದನ್ನು ಕಿತ್ತರೆ ಇಡೀ ಕಮಾನು ಕುಸಿಯುವುದು. ಅದರ ಸುತ್ತಲೇ ಮಣ್ಣು ತೋಡಿದ್ದರು. ಮೇಷ್ಟ್ರು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು.

ಮರುದಿನ ಅವರ ಉಗುರಿನಲ್ಲಿ ಕರಿ ಇರಲಿಲ್ಲ, ಕೆಂಪಿತ್ತು. ಸಂಜೆ ನಾನು ಬಾಗಿಲ ಹತ್ತಿರ ಹೋಗಿ ನೋಡಿದೆ. ಬುಡದ ಕಲ್ಲಿಗೆ ಎಣ್ಣೆ ಕಲೆಸಿದ ಸಿಂಧೂರ ಮೆತ್ತಿತ್ತು, ಮುಂದೆ ನಾಲ್ಕು ಎಕ್ಕದ ಹೂ. ಹಾರೆ ತಂದವರೇ ಚಪ್ಪಲಿ ಬಿಟ್ಟು ಹನುಮಂತ ಸ್ವಾಮಿಗೆ ಕೈ ಮುಗಿಯುತ್ತಿದ್ದರು.

ಮೇಷ್ಟ್ರು ಗೆದ್ದರೆಂದು ನಾನು ಹಿಗ್ಗಿದೆ. ಆದರೆ ನಮ್ಮ ಜನ ದೇವರನ್ನು ಬಿಸಿಲಲ್ಲಿ ಬಿಟ್ಟಾರೆಯೇ? ಶನಿವಾರ ಶನಿವಾರ ಕಾಯಿ, ಎಣ್ಣೆ. ಆಮೇಲೆ ಹಿತ್ತಾಳೆಯ ಕಣ್ಣು. ಕೊನೆಗೆ, ಪೇಟೆಯಲ್ಲಿ ಗುಡಿ ಕಟ್ಟಿಸಿ ಸ್ವಾಮಿಯನ್ನು ಎಬ್ಬಿಸಿ ಅಲ್ಲಿಗೆ ಒಯ್ಯುವುದೆಂದು ಹಿರಿಯರು ಮಾತಾಡಿಕೊಂಡರು. ಹಾರೆ, ಹಗ್ಗ, ಬಂಡಿ, ಬಾಜಾ ಎಲ್ಲ ಬಂದವು.

ಮೇಷ್ಟ್ರು ಅಡ್ಡ ನಿಂತರು. ಗುಡಿ ಕಟ್ಟಿಸುತ್ತಿದ್ದ ಹತ್ತಿ ಸಾಹುಕಾರರು ಮರ್ಯಾದೆಯಿಂದಲೇ ಕೇಳಿದರು: "ಯಾಕ್ರಿ ಮೇಷ್ಟ್ರ, ಸ್ವಾಮಿಗೆ ಒಂದು ನೆಳ್ಳಾಗೋದು ಬ್ಯಾಡೇನ್ರಿ?"

ನಿಜ ಹೇಳಿದರೆ ಅದು ಬರೀ ಕಲ್ಲು, ಬಂಡಿಗೆ ಹೋಗುವ ಕಲ್ಲು. ಹೇಳದಿದ್ದರೆ ದೇವರು, ದೇವರೂ ಬಂಡಿಗೇ. ಮೇಷ್ಟ್ರು ತೋಳು ಚಾಚಿ ಹೆಬ್ಬೆರಳೆತ್ತಿ, ಬಾಗಿಲನ್ನು ಅಳೆಯುವವರಂತೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಅಂದರು:

"ರಾತ್ರಿ ಕನಸಿನ್ಯಾಗ ಬಂದಿದ್ದನ್ರಿ ಸ್ವಾಮಿ. ನಾ ಬಾಗಿಲಾ ಕಾಯಾಕ ಕುಂತೀನಿ, ನನ್ನ ಎಬ್ಬಸಬ್ಯಾಡ್ರಿ ಅಂದ."

ಬಾಜಾ ನಿಂತಿತು. ಸಾಹುಕಾರರು ಮೊದಲು ಕಲ್ಲಿಗೆ ಅಡ್ಡಬಿದ್ದರು, ಆಮೇಲೆ ಮೇಷ್ಟ್ರ ಕಾಲಿಗೂ ಬಿದ್ದರು. ಆ ಗಳಿಗೆಯಲ್ಲಿ ಮೇಷ್ಟ್ರ ಮುಖ ನೋಡಲಾರದೆ ನಾನು ತಿರುಗಿ ನಿಂತೆ. ಗುಡ್ಡ ಇಳಿಯುವಾಗ ಅವರು ಅಂದದ್ದಿಷ್ಟೇ: "ಬಾವುಟಾ ಬರದಬಿಟ್ಟೆ ನೋಡ್ರಿ, ಲೆಕ್ಕದ ಮೇಷ್ಟ್ರ."

ಅಂದಿನಿಂದ ಅವರು ಯಾರಿಗೂ ಕೋಟೆ ತೋರಿಸಲಿಲ್ಲ. ಹೋದರೆ ಜನ ಕನಸಿನ ಕಥೆ ಹೇಳಿಸುತ್ತಿದ್ದರು. ಕಾಲುನೋವು ಎಂದು ತಪ್ಪಿಸಿಕೊಂಡರು, ಆ ಕೆಲಸ ನನ್ನ ತಲೆಗೆ ಬಂತು. ತರಗತಿಯಲ್ಲಿ ಬಾವುಟ ಅಳಿಸಿಸುವುದನ್ನೂ ಬಿಟ್ಟರು. ನನಗೆ ಹೆಚ್ಚು ನೋವಾದದ್ದು ಅದರಿಂದ. ಸ್ವಾತಂತ್ರ್ಯ ಬಂದ ಮರುವರ್ಷ ಉಬ್ಬಸ ಉಲ್ಬಣಿಸಿ ಹಾಸಿಗೆ ಹಿಡಿದರು. ನೋಡಲು ಹೋದಾಗಲೆಲ್ಲ "ಬಾಗಿಲಾ ಐತೇನ್ರಿ?" ಎಂದು ಕೇಳುವರು. "ಐತಿ ಸಾರ್" ಎಂದರೆ ಕಣ್ಣು ಮುಚ್ಚುವರು. ಅದೇ ಹಾಸಿಗೆಯಲ್ಲಿ ತೀರಿಕೊಂಡರು.

ಈಗ ನನಗೂ ಮೊಣಕಾಲು ಮಾತು ಕೇಳುವುದಿಲ್ಲ. ಸಾಕಾಗಿದೆ. ಆದರೂ ಯಾರಾದರೂ ಬಂದರೆ ಹತ್ತುತ್ತೇನೆ. ಕಲ್ಲನ್ನು ನೋಡುವ ಕಣ್ಣು ಕೊಟ್ಟವರು ಅವರು, ಆ ಋಣ ಹತ್ತಿ ಹತ್ತಿ ತೀರುವಂಥದ್ದಲ್ಲ. ಬಾಗಿಲು ಹಾಗೇ ನಿಂತಿದೆ. ಅಲ್ಲಿ ಪೂಜಾರಿ ಕನಸಿನ ಕಥೆ ಹೇಳುತ್ತಾನೆ. ಬಂದವರು ನನ್ನ ಕಡೆ ತಿರುಗಿ, "ಓದಿದವರು ನೀವು, ಹೇಳ್ರಿ, ಇದು ಖರೇನಾ?" ಎಂದು ಕೇಳುತ್ತಾರೆ.

ಊರಲ್ಲಿ ಹಾರೆಗಳು ಇನ್ನೂ ಇವೆ.

"ನಮ್ಮ ಮೇಷ್ಟ್ರು ಕಾಣಲಾರದ್ದು ಹೇಳೋರಲ್ಲರಿ," ಎನ್ನುತ್ತೇನೆ.