ಕಡೆಯ ಸರದಿಯ ಮುಯ್ಯಾಳು

ನಮ್ಮ ಮನೆಯ ಜಗುಲಿಯ ನೀಲಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಾಲ್ಕು ಮನೆಯ ಚೌಕವೊಂದಿದೆ. ನಾಲ್ಕು ಎಂದೆನಾದರೂ ಈಗ ಉಳಿದಿರುವುದು ಮೂರು ಮಾತ್ರ. ಮೇಲಿನ ಬಲಗಡೆಯದನ್ನು ಒಬ್ಬರ ಬೆನ್ನು ಒರೆಸಿಕೊಂಡು ಹೋಯಿತು. ಬರೆದವಳು ನಾನು. ಒರೆಸಿಕೊಂಡು ಹೋದವರ ವಿಷಯವನ್ನು ನಿಮಗೆ ಹೇಳಬೇಕೆಂದು ಕೂತಿದ್ದೇನೆ. ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆಯಾದ್ದರಿಂದ ಹೇಳುತ್ತ ಹೇಳುತ್ತ ನನ್ನ ಪರವಾಗಿಯೇ ವಾದ ಹೂಡುವ ಅಪಾಯವುಂಟು. ಹಾಗನ್ನಿಸಿದರೆ ನೀವು ಅಲ್ಲೇ ತಡೆಯಬಹುದು.

ನಾನು ಮೈಸೂರಿನಲ್ಲಿ ಎಂ.ಎ. ಓದುತ್ತೇನೆ. ಕ್ಯಾತನಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಪಾಂಡವಪುರದಲ್ಲಿ ಬದಲಿಸಿ, ಕರಿಘಟ್ಟದ ಗುಡ್ಡ ಕಿಟಕಿಯಲ್ಲಿ ಕಾಣುವ ಹೊತ್ತಿಗೆ ನಿಂತೂ ನಿಂತೂ ಕಾಲು ಸೋತು, ಹೇಗೋ ತರಗತಿ ಸೇರಿದರೆ ಮೊದಲ ಪಾಠವೇ ಗೇಮ್ ಥಿಯರಿ. ಆಟವೆಂದರೆ ಇಲ್ಲಿ ಕಬಡ್ಡಿಯಲ್ಲ. ನನ್ನ ಲಾಭ ನಿಮ್ಮ ನಡೆಯನ್ನೂ ನಿಮ್ಮ ಲಾಭ ನನ್ನ ನಡೆಯನ್ನೂ ನೆಚ್ಚಿಕೊಂಡಿರುವ ಯಾವ ವ್ಯವಹಾರವೂ ಆಟವೇ. ಒಂದು ಚೌಕ ಬರೆದು, ಒಳಗೆ ಒಂದು ಗೆರೆ ಅಡ್ಡ, ಒಂದು ಗೆರೆ ಉದ್ದ ಎಳೆದು ನಾಲ್ಕು ಮನೆ ಮಾಡಿ, ಯಾರು ಏನು ಮಾಡಿದರೆ ಯಾರಿಗೆ ಎಷ್ಟು ಎಂದು ಬರೆಯುವುದು. ಮೊದಲ ದಿನವೇ ನಮ್ಮ ಮೇಡಂ, "ಯಾರು ಗೆಲ್ತಾರೆ ಅಂತ ಕೇಳೋದಕ್ಕೆ ಮುಂಚೆ ಯಾರ್ಯಾರು ಆಡ್ತಿದ್ದಾರೆ ಅಂತ ನೋಡಿ" ಎಂದಿದ್ದರು. ಬರೆದುಕೊಂಡಿದ್ದೆ. ಅಡಿಗೆರೆ ಮಾತ್ರ ಹಾಕಿರಲಿಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು ಆಮೇಲಿನ ಪಾಠ. ಒಂದೇ ಆಟವನ್ನು ಇಬ್ಬರು ದಿನವೂ ಆಡುತ್ತಿದ್ದರೆ ನಾಳೆಯ ಭಯಕ್ಕೆ ಇಬ್ಬರೂ ನೆಟ್ಟಗಿರುತ್ತಾರೆ. ಆದರೆ ಇದೇ ಕಡೆಯ ಸರದಿ ಎಂದು ಮೊದಲೇ ಗೊತ್ತಾಗಿಬಿಟ್ಟರೆ ನೆಟ್ಟಗಿರುವ ಕಾರಣವೇ ಇರುವುದಿಲ್ಲ, ತನ್ನ ಕೆಲಸವಾದ ಮೇಲೆ ಕೈಕೊಡುವುದೇ ಲೆಕ್ಕಕ್ಕೆ ಸರಿ. ಇಂಥ ಕಟುವಾದ ಮಾತು ನನಗೆ ಹಿಡಿಸುತ್ತದೆ. ಒಳ್ಳೆಯತನವೆನ್ನುವುದರ ಹಿಂದೆ ಒಂದು ಹಿತಾಸಕ್ತಿ ಇದ್ದೇ ಇರುತ್ತದೆಂದು ನಾನು ಎಷ್ಟೋ ವೇದಿಕೆಗಳಲ್ಲಿ ವಾದಿಸಿ ಬಹುಮಾನ ತಂದವಳು.

ಅದು ನಾಟಿಯ ಕಾಲ. ನಮ್ಮ ಬೀದಿಯ ಏಳು ಮನೆಯ ಹೆಂಗಸರು ಕೂಲಿಯಾಳು ಕರೆಯದೆ ಒಬ್ಬರ ಗದ್ದೆಗೆ ಒಬ್ಬರು ಹೋಗಿ ಭತ್ತದ ಪೈರು ನೆಟ್ಟುಕೊಡುತ್ತಾರೆ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಇದಕ್ಕೆ ಮುಯ್ಯಾಳು ಎನ್ನುತ್ತಾರೆ. ಅವರಲ್ಲಿ ಎದುರುಮನೆಯ ಜಯತ್ತೆ ಒಬ್ಬರು. ನೆಂಟಸ್ತಿಕೆಯಿಲ್ಲ, ಬಾಯಿರೂಢಿಯ ಅತ್ತೆ. ವಾರಕ್ಕೆ, ಎಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಮಾಡುತ್ತಿದ್ದ ಗದ್ದೆಯನ್ನು ಅದರ ಒಡೆಯ ತೆಂಗು ಹಾಕಲು ವಾಪಸು ಕೇಳಿದ್ದ. ಈ ಬೆಳೆಯೊಂದು ಮುಗಿದರೆ ಅವರು ನಾಗಮಂಗಲದ ಮಗಳ ಮನೆಗೆ ಹೊರಡುವವರು. ಅಂದರೆ, ನನ್ನ ಪಾಠದ ಪ್ರಕಾರ, ಕಡೆಯ ಸರದಿಯ ಆಟಗಾರ್ತಿ.

ಸಂಪ್ರದಾಯದಂತೆ ಮೊದಲ ನಾಟಿ ನಾಲೆಯ ತೂಬಿನ ಪಕ್ಕದ ಅವರ ಗದ್ದೆಯದು. ನಮ್ಮದು ಅದರ ಕೆಳಗೆ ನಾಲ್ಕನೆಯದು. ಅವರದು ಮೊದಲ ದಿನವೇ ಮುಗಿದರೆ ನಮ್ಮದಕ್ಕೆ ಯಾಕೆ ಬಂದಾರು? ಗೋಡೆಯ ಮೇಲೆ ನಾಲ್ಕು ಮನೆ ಬರೆದು ಅವ್ವನಿಗೆ ವಿವರಿಸಿದೆ. ಅವ್ವ ಸೊಪ್ಪು ಬಿಡಿಸುತ್ತಲೇ ಇದ್ದಳು.

ಸಂಜೆ ಸರದಿ ಗೊತ್ತುಮಾಡಲು ಹೆಂಗಸರೆಲ್ಲ ನಮ್ಮ ಜಗುಲಿಗೆ ಬಂದರು. ಜಯತ್ತೆ ಗೋಡೆ ನೋಡಿ, "ಏನ್ ಮಗ ಇದು, ಚೌಕಾಬಾರದ ಮನೆ ಬರ್ಕಂಡಿದ್ದೀಯ? ಕವಡೆ ಎಲ್ಲವ್ವಾ?" ಎಂದರು.

"ಇದು ಪಾಠ, ಅತ್ತೆ."

"ಇದ್ನ ಕಲಿಯಕ್ಕೆ ಮೈಸೂರ್ ಗಂಟ ಓಗ್ಬೇಕಾ? ನಮ್ಮ ಗುಡಿ ಕಲ್ ಮ್ಯಾಲೇ ಕೆತ್ತವ್ರಲ್ಲ" ಎಂದು ನಗುತ್ತ ಆ ಚೌಕಕ್ಕೇ ಬೆನ್ನು ಕೊಟ್ಟು ಕೂತರು.

ನಾನು ಬಾಯಿ ತೆರೆದೆ. ಈ ಸಲ ನಮ್ಮ ಗದ್ದೆ ಮೊದಲಾಗಲಿ, ಸಸಿ ಬೆಳೆಸುವ ಒಟ್ಲಲ್ಲಿ ನಮ್ಮ ಪೈರು ಬಲಿತು ಹಳದಿ ತಿರುಗುತ್ತಿದೆ ಎಂದೆ. ತಿರುಗಿರಲಿಲ್ಲ. ಎಲ್ಲರಿಗಿಂತ ಎರಡು ದಿನ ಮುಂಚೆ ಬಿತ್ತಿದ್ದೆವು, ಅಷ್ಟೇ ನಿಜ. ಉಳಿದದ್ದು ವಾದದ ಬಣ್ಣ.

"ನಾಟಿ ಮ್ಯಾಲಿಂದ ಇಳೀಬೇಕು ಕಣೆ" ಎಂದಳು ಅವ್ವ.

"ಯಾಕೆ?"

"ಯಾಕೆ ಅಂದ್ರೆ? ನಮ್ಮತ್ತೆ ಕಾಲ್ದಿಂದ್ಲೂ ಅಂಗೇಯ."

ಚರ್ಚಾಪಟುವಿಗೆ ಎದುರಾಳಿಯ ಬಾಯಿಂದ ಬರುವ ಅತ್ಯಂತ ರುಚಿಯಾದ ಉತ್ತರವಿದು. ರೂಢಿಯೆನ್ನುವುದು ಕಾರಣವಲ್ಲ, ಕಾರಣ ಮರೆತವರ ಸಮಜಾಯಿಷಿ ಎಂದು ಐದು ನಿಮಿಷ ಮಾತಾಡಿದೆ. ಕೊನೆಗೆ ಜಯತ್ತೆಯೇ, "ಆಯ್ತು ಬುಡು, ಓದಿರೋ ಮಗ ಯೋಳ್ತದೆ. ಒಂದಿನ ಇಂದ್ಮುಂದೆ ಆದ್ರೆ ನನ್ ಗದ್ದೆ ಎಲ್ಲೋಯ್ತದೆ" ಎಂದು ಎದ್ದರು. ಬೀದಿ ದಾಟುವಾಗ ಅವರ ಕಂದು ಸೀರೆಯ ಬೆನ್ನಿಗೆ ಸೀಮೆಸುಣ್ಣ ಮೆತ್ತಿದ್ದು ಕಂಡಿತು. ಕೂಗಿ ಹೇಳಲಿಲ್ಲ.

ಮಾರನೆಯ ದಿನ ನಮ್ಮ ಗದ್ದೆಗೆ ಮೊದಲು ಇಳಿದವರು ಜಯತ್ತೆ. ಸಂಜೆಗೆ ನಾಟಿ ಮುಗಿದು ಕೈಕಾಲು ತೊಳೆಯುವಾಗ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಸೈಕಲ್ಲಿನಲ್ಲಿ ಬಂದು, "ನಾಳಿಕ್ಕೇ ತೂಬು ಕಟ್ತಾರಂತೆ, ನಾಕ್ ದಿನ ಮುಂಚೇನೇ. ಇನ್ನು ಮುಂದ್ಲು ಸರದಿಗೇ ನೀರು" ಎಂದು ಹೇಳಿಹೋದ. ನಾಲೆಯ ನೀರು ನಿಂತಾಗ ಕೆಳಗಿನ ಗದ್ದೆಗಳಿಗೆ ಮೇಲಿನಿಂದ ಬಸಿದ ನೀರು ಇನ್ನೂ ಕೆಲವು ದಿನ ಒದಗುತ್ತದೆ. ತೂಬಿನ ಪಕ್ಕದ ಎತ್ತರದ ಗದ್ದೆಗೆ ಬಸಿದು ಬರಲು ಮೇಲೆ ಯಾವ ಗದ್ದೆಯೂ ಇಲ್ಲ. ಅದು ಎಲ್ಲಕ್ಕಿಂತ ಮೊದಲು ಒಣಗುತ್ತದೆ, ಮಾರನೆಯ ದಿನ ಅಲ್ಲಿ ನೆಡುವಷ್ಟು ಕೆಸರೂ ಉಳಿಯಲಿಲ್ಲ.

"ಮ್ಯಾಲಿಂದ ಯಾಕೆ ಅಂತ ಕೇಳ್ದಲ್ಲ," ಎಂದಳು ಅವ್ವ ಪಾತ್ರೆ ಉಜ್ಜುತ್ತ, "ಇದ್ಕೇಯ."

ಉಳಿದವರ ನಾಟಿಯೆಲ್ಲ ಬಸಿ ನೀರಿನಲ್ಲೇ ಮುಗಿಯಿತು. ಎಲ್ಲ ಗದ್ದೆಗೂ ಜಯತ್ತೆ ಹೋದರು. ಅವರ ಪೈರು ಮಾತ್ರ ಒಟ್ಲಿನಲ್ಲೇ ನಿಂತು, ದಿನೇ ದಿನೇ ಉದ್ದವಾಗಿ, ಈಗ ನಿಜಕ್ಕೂ ಹಳದಿ ತಿರುಗಿತು. ಬಲಿತ ಪೈರು ನೆಟ್ಟರೆ ತೆಂಡೆ ಒಡೆಯುವುದಿಲ್ಲ, ಒಂದು ಕಡ್ಡಿ ಹತ್ತಾಗುವುದಿಲ್ಲ. ಅವರ ಕಡೆಯ ಬೆಳೆ ಹೀಗೆ ನನ್ನ ಐದು ನಿಮಿಷದ ಮಾತಿಗೆ ಸಿಕ್ಕಿಕೊಂಡಿತು.

ನೀರು ಮತ್ತೆ ಬಂದಾಗ ಮಿಕ್ಕವರಿಗೆ ಜಯತ್ತೆಯಿಂದ ಆಗಬೇಕಾದ್ದು ಏನೂ ಉಳಿದಿರಲಿಲ್ಲ, ಮುಂದಿನ ವರ್ಷವೂ ಇರಲಿಲ್ಲ. ನನ್ನ ಚೌಕದ ಪ್ರಕಾರ ಯಾರೂ ಹೋಗಬಾರದು. ತರಗತಿ ತಪ್ಪಿಸಿ ಗದ್ದೆಗೆ ಹೋಗಿ ನೋಡಿದರೆ ಆರು ಮನೆಯವರೂ ಆಗಲೇ ಕೆಸರಿನಲ್ಲಿದ್ದರು. ನಾನೂ ಇಳಿದೆ.

"ಎಲ್ಡೆಲ್ಡು ಸಾಲ್ದು ಮಗ, ನಾಕ್ನಾಕು ಕಡ್ಡಿ ಸೇರ್ಸಿ ನೆಡು. ಪೈರ್ಗೆ ವಯಸ್ಸಾಗೋಗದೆ, ನನ್ನಂಗೆ" ಎಂದರು ಜಯತ್ತೆ. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿ, "ಮಾತು ನೆಟ್ಟಗೈತೆ, ಸಾಲು ಸೊಟ್ಟ" ಎಂದರು. ಹೆಂಗಸರೆಲ್ಲ ನಕ್ಕರು.

ಬದುವಿನ ಮೇಲೆ ಉಣ್ಣುವಾಗ ಅವ್ವನನ್ನು ಮೆಲ್ಲಗೆ ಕೇಳಿದೆ: ಹೊರಟುಹೋಗುವವಳ ಗದ್ದೆಗೆ ಇವರೆಲ್ಲ ಯಾಕೆ ಬಂದರು?

"ಅವಳ್ಗೆ ಮುಂದಿನ್ ವರ್ಷ ಇಲ್ದಿದ್ರೆ ನಮಗಿಲ್ವಾ?"

ಆ ಮಾತಿನಿಂದ, ನಿಜ ಹೇಳುತ್ತೇನೆ, ನನಗೆ ಸಮಾಧಾನವಾಯಿತು, ಸಿದ್ಧಾಂತ ಉಳಿಯಿತು. ಆಟ ಇಬ್ಬರದಲ್ಲ, ಏಳು ಮನೆಯದು. ಹೊರಡುವವಳನ್ನು ಉಳಿದವರು ಹೇಗೆ ನಡೆಸಿಕೊಂಡರೆಂದು ಎಲ್ಲರೂ ನೋಡುತ್ತಿರುತ್ತಾರೆ, ಏಕೆಂದರೆ ಒಂದಲ್ಲ ಒಂದು ವರ್ಷ ಎಲ್ಲರೂ ಹೊರಡುವವರೇ. ನಾನು ಆಟಗಾರರನ್ನು ತಪ್ಪಾಗಿ ಎಣಿಸಿದ್ದೆ. ಕೈಕೊಟ್ಟ ಒಬ್ಬಳೇ ಒಬ್ಬಳು ನಾನೆಂಬುದನ್ನೂ ಆ ಎಣಿಕೆಯಲ್ಲಿ ಸೇರಿಸಬೇಕು.

ಬೆಳೆ ತೆಳ್ಳಗೆ ಬಂತು. ಕುಯ್ಲಿನ ದಿನ ಕೊಯ್ದಿಟ್ಟ ಭತ್ತದ ಅರಿಯ ಪಕ್ಕ ಕೂತಿದ್ದ ಜಯತ್ತೆಗೆ ಹೇಳಿಬಿಟ್ಟೆ: "ಅತ್ತೆ, ಅವತ್ತು ನಮ್ಮ ಪೈರು ಹಳದಿ ಆಗಿರ್ಲಿಲ್ಲ."

"ಗೊತ್ತು ಕಣ್ ಮಗ. ಗದ್ದೆಯಿಂದ್ ಬರೋವಾಗ ನಿಮ್ಮ ಒಟ್ಲು ದಾಟ್ಕಂಡೇ ಅಲ್ವಾ ನಾನು ಜಗುಲಿಗ್ ಬಂದಿದ್ದು."

ಮತ್ತೆ ಯಾಕೆ ಒಪ್ಪಿದಿರಿ ಎಂದು ಕೇಳಲು ನನ್ನ ಪಳಗಿದ ನಾಲಿಗೆ ಸಜ್ಜಾಗುವಷ್ಟರಲ್ಲಿ ಅವರು ಕುಡುಗೋಲು ಹಿಡಿದು ಎದ್ದುಹೋದರು.

ಪರೀಕ್ಷೆಯಲ್ಲಿ ಕಡೆಯ ಸರದಿಯ ಪ್ರಶ್ನೆಯೇ ಬಂತು. ಪುಸ್ತಕದ ಉತ್ತರವನ್ನೇ ಬರೆದೆ. ಅದು ತಪ್ಪೆಂದು ನಾನು ಈಗಲೂ ವಾದಿಸಲಾರೆ.

ಮೊನ್ನೆ ನಮ್ಮ ಕಬ್ಬು ನೆಡುವ ದಿನ. ಜಗುಲಿಯಲ್ಲಿ ಕೂತವಳು ಸೀಮೆಸುಣ್ಣ ಹಿಡಿದು, ಅಳಿಸಿಹೋದ ಆ ಒಂದು ಮನೆಯನ್ನು ಮತ್ತೆ ಬರೆಯಹೊರಟೆ. ಏನಿತ್ತು ಅದರಲ್ಲಿ ಎಂದು ಅಕ್ಕಪಕ್ಕದ ಮನೆಗಳನ್ನು ಓದಿ ನೆನಪು ಮಾಡಿಕೊಂಡೆ: ನಾವು ಹೋಗುವುದು, ಅವರು ಬಾರದಿರುವುದು. ನಾನು ಹೆದರಿದ್ದ ಮನೆ ಅದೇ.

"ಗೋಡೆ ಆಮ್ಯಾಲ್ ಕೆರ್ಕಂಡಿಯಂತೆ," ಅವ್ವ ಬುತ್ತಿಯ ಬುಟ್ಟಿ ಹೊತ್ತು ಹೊರಬಂದಳು. "ಎದ್ದು ಬಾ. ಜಯಕ್ಕ ಆಗ್ಲೇ ಇಳ್ದವ್ಳೆ."

"ಎಲ್ಲಿಗೆ?"

"ಇನ್ನೆಲ್ಲಿಗೆ? ನಮ್ ಗದ್ದೆಗೆ."

ಅವರಿಗೆ ಈಗ ಗದ್ದೆಯಿಲ್ಲ. ಶುಕ್ರವಾರ ನಾಗಮಂಗಲದ ಬಸ್ಸು. ನಾನು ಆ ಮನೆಯನ್ನು ಖಾಲಿ ಬಿಟ್ಟು, ಸೀಮೆಸುಣ್ಣವನ್ನು ಕಿಟಕಿಯಲ್ಲಿಟ್ಟು, ಅವ್ವನ ಹಿಂದೆ ಹೊರಟೆ.