ಶೇಂಗಾ ಗೋದಾಮಿನ ಜಾಝ್

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನನ್ನ ಗಂಡ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುತ್ತಿದ್ದರು. ಬಳ್ಳಾರಿಯ ಗೆಳೆಯರೊಬ್ಬರು ಕೊಟ್ಟ ಜಾಝ್ ಕ್ಯಾಸೆಟ್ ಕೇಳಿದ್ದೇ ಅವರಿಗೆ ಸ್ಯಾಕ್ಸೊಫೋನ್ ಹುಚ್ಚು ಹಿಡಿಯಿತು. ಮದುವೆ ಬ್ಯಾಂಡಿನ ಮೇಷ್ಟ್ರೊಬ್ಬರ ಹತ್ತಿರ ಕಲಿತರು. ನಮ್ಮತ್ತೆಗೆ ಇದು ಸುತರಾಂ ಹಿಡಿಸಲಿಲ್ಲ. “ಮಿಲ್ ಸಾವ್ಕಾರ ಆಗಿ ಪೀಪಿ ಊದ್ತೀಯೇನೋ” ಎನ್ನುತ್ತಿದ್ದರು.

ಶೇಂಗಾ ಬರದ ತಿಂಗಳುಗಳಲ್ಲಿ ಗೋದಾಮು ಖಾಲಿ. ಭಾನುವಾರ ಮಧ್ಯಾಹ್ನ ನನ್ನ ಗಂಡ, ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವರು, ಕೀಬೋರ್ಡ್ ನುಡಿಸುತ್ತಿದ್ದ ಟೈಪಿಂಗ್ ಮೇಷ್ಟ್ರು ಅಲ್ಲಿ ಸೇರುತ್ತಿದ್ದರು. ಒಂದು ಸ್ವರ ಊದಿ, ಅದು ತಗಡಿನ ಚಾವಣಿಯಡಿ ಕರಗುವವರೆಗೂ ಮೂವರೂ ಸುಮ್ಮನಿರುತ್ತಿದ್ದರು. ನಾನು ಬಿಡುವಾದಾಗ ಪದ್ಯ ಬರೆಯುತ್ತಿದ್ದೆ. ಒಮ್ಮೆ ಚಹಾ ಕೊಡಲು ಹೋದಾಗ ನನ್ನ ಗಂಡ, “ನಿನ್ ಪದ್ಯ ಒಂದು ಓದು. ಹಾಡಬ್ಯಾಡ, ಬರೇ ಓದು” ಎಂದರು.

ನಾನು ತವರಿಗೆ ಹೋಗುವ ದಿನ ಬಿ.ಜಿ. ಕೆರೆಯ ನಮ್ಮವ್ವ ಬಾಗಿಲಲ್ಲಿ ಕೂತು ಬಸ್ಸಿನ ಸದ್ದಿಗೆ ಕಿವಿಗೊಡುವ ಪದ್ಯವದು. ನಾಚಿಕೆಯಿಂದ ಗಡಬಡಿಸಿ ಮುಗಿಸಿದೆ. ತಿರುಗಿದರೆ ಬಾಗಿಲಲ್ಲಿ ಅತ್ತೆ. ಬೈಯುತ್ತಾರೆಂದುಕೊಂಡೆ.

“ಅಷ್ಟು ಬಿರ್ರನೆ ಓದಿದ್ರೆ ಹೆಂಗವ್ವ? ಬಸ್ಸು ಅಷ್ಟ್ ಜಲ್ದಿ ಎಲ್ಲಿ ಬರ್ತೈತೆ” ಎನ್ನುತ್ತ ಒಳಗೆ ಬಂದು ಕೂತರು. ಆಮೇಲೆ, “ಇವ್ನು ದಾವಣಗೆರೆಲಿ ಓದುವಾಗ ನಾನೂ ಹಿಂಗೇ ಕೂತ್ಕಂತಿದ್ದೆ” ಎಂದರು.

“ನಂಗ್ ಗೊತ್ತೇ ಇರ್ಲಿಲ್ಲವ್ವ” ಎಂದರು ನನ್ನ ಗಂಡ.

“ನೀನ್ ಯಾವಾಗ ಕೇಳಿದ್ದೆ?”

ಅವರು ವಾದ್ಯ ಎತ್ತಿಕೊಂಡರು. ನಾನು ಮತ್ತೆ, ಈ ಸಲ ನಿಧಾನವಾಗಿ, ಓದಿದೆ. ಸಾಲು ಸಾಲಿನ ನಡುವೆ ಸ್ಯಾಕ್ಸೊಫೋನ್ ಮೆಲ್ಲಗೆ ಬಂದು ಹೋಗುತ್ತಿತ್ತು. ನನ್ನದೇ ಪದ್ಯ ನನಗೆ ಹೊಸದಾಗಿ ಕೇಳಿಸಿತು.

ಆ ವರ್ಷ ಟೈಪಿಂಗ್ ಮೇಷ್ಟ್ರ ಪರಿಚಯದಿಂದ ರಾಂಪುರದ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ನಮ್ಮನ್ನು ಕರೆದರು. ಅತ್ತೆಯೂ ಹೊರಟರು. ಜನ ಸಿನಿಮಾ ಹಾಡು ಬೇಕೆಂದರು, ಎರಡು ನುಡಿಸಿದೆವು. ಆಮೇಲೆ ಪದ್ಯ. ಮೊದಲು ಗುಸುಗುಸು ಇತ್ತು, ಬರಬರುತ್ತ ನಿಂತುಹೋಯಿತು. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮುಂದೆ ಕೂತಿದ್ದ ಒಬ್ಬ ಅಜ್ಜಿ ಪಕ್ಕದಲ್ಲಿದ್ದ ನಮ್ಮತ್ತೆಯನ್ನು ಕೇಳಿದಳು: “ಆಯಮ್ಮನ ಮಗಳು ಬಂದ್ಲಾ?”

“ಬಂದ್ಲು ಕಣವ್ವ. ಅಲ್ಲಿ ನಿಂತವ್ಳೆ ನೋಡು” ಎಂದರು ಅತ್ತೆ, ನನ್ನ ಕಡೆ ಕೈ ತೋರಿಸಿ.

ಆಗ ಜನ ನಕ್ಕು ಚಪ್ಪಾಳೆ ತಟ್ಟಿದರು. ಮುಂದಿನ ತಿಂಗಳು ಮೊಳಕಾಲ್ಮುರಿನಿಂದ ಕರೆ ಬಂತು. ಸಿನಿಮಾ ಹಾಡು ಬೇಡ, ಪದ್ಯಗಳೇ ಇರಲಿ ಎಂದಿದ್ದರು.