ದಂಡೆಯಲ್ಲಿ ಬಾರಿಸಿದ ಗಂಟೆ

ಕಾರವಾರದ ಕಂಪ್ಯೂಟರ್ ಕ್ಲಾಸಿನಲ್ಲಿ ರಿಟೈರ್ ಆದ ವಿದ್ಯಾರ್ಥಿನಿ ನಾನೊಬ್ಬಳೇ. ಯಾವ ಲ್ಯಾಂಗ್ವೇಜ್ ಕಲಿಯಲಿ ಎಂದು ಯಾರು ಕೇಳಿದರೂ ಮಾಸ್ತರರು ಕನ್ನಡಕವನ್ನು ಹಣೆಗೇರಿಸಿ, “ವಾಪರ್ಸೋರು, ಬಳ್ಸೋರು ಯಾರು, ಮೊದ್ಲು ಅದ್ನ ಹೇಳಿ,” ಎನ್ನುತ್ತಿದ್ದರು.

ನಾನು ಈಸಿಯೆಂದು ವಿಷುಯಲ್ ಬೇಸಿಕ್ ಹಿಡಿದೆ. ನಮಗೆ ಬಳಚು ಎಂಬ ಚಿಪ್ಪುಮೀನು ತರುವ ಮಂಜಗುಣಿಯ ಹೆಂಗಸು, ಹೊಳೆಯಲ್ಲಿ ಬಗ್ಗಿ ಹೆಕ್ಕುತ್ತ ಹೊತ್ತು ಮರೆತು, ಒಮ್ಮೆ ಕಡಲಿನಿಂದ ಹೊಳೆಗೇರುವ ಭರತಿಯಲ್ಲಿ ಮುಳುಗುವುದರಲ್ಲಿದ್ದಳು. ನೀರೇರುವ ಮೊದಲು ಗಂಟೆ ಬಾರಿಸುವ ಪ್ರೋಗ್ರಾಂ ಬರೆದು, ಮನೆಯ ಡೆಸ್ಕ್‌ಟಾಪ್‌ನಲ್ಲಿ ಅವಳಿಗೆ ತೋರಿಸಿದೆ.

“ಚಂದ ಅದೆ ಅಮ್ಮಾ. ಈ ಪೆಟ್ಟಿಗೆ ತಲೆ ಮೇಲೆ ಹೊತ್ಕಂಡು ನೀರಿಗಿಳೀಲೋ?” ಎಂದಳು.

ಇದನ್ನು ನಾನು ಹೇಳಿದಾಗ ಕ್ಲಾಸೆಲ್ಲ ನಕ್ಕಿತು, ಮಾಸ್ತರರು ನಗಲಿಲ್ಲ. ಅದನ್ನೇ ಫೋನಿನಲ್ಲೂ ಓಡುವ ಜಾವಾದಲ್ಲಿ ಬರೆದು ತಮ್ಮ ಬಟನ್ ಫೋನಿಗೆ ಹಾಕಿಕೊಂಡರು. ಅವಳ ಫೋನಿಗೆ ಹಾಕುವ ಮೊದಲು ತಾವೇ ನನ್ನೊಂದಿಗೆ ಮಂಜಗುಣಿಗೆ ಬಂದು, ಪ್ಯಾಂಟು ಮಡಚಿ ಹೊಳೆಗಿಳಿದರು.

“ಮಾಸ್ತರೇ, ಮೇಲೆ ಬನ್ನಿ, ನೀರು ಏರ್ತಾ ಅದೆ!” ಎಂದು ಅವಳು ದಂಡೆಯಿಂದ ಕೂಗಿದಳು.

“ಗಂಟೆ ಇನ್ನೂ ಬಾರಿಸ್ಲಿಲ್ಲ,” ಎಂದು ಫೋನನ್ನು ಮೇಲೆತ್ತಿ ಹಿಡಿದು ಅವರು ಅಲ್ಲೇ ನಿಂತರು. ನೀರು ಮೊಣಕಾಲು ದಾಟಿ ಸೊಂಟಕ್ಕೆ ಬಂತು. ಕೊನೆಗೆ ಅವಳೇ ಇಳಿದು, ಕೈ ಹಿಡಿದು ಮೇಲೆ ತಂದಳು.

ಅವರು ಪ್ಯಾಂಟು ಹಿಂಡುತ್ತಿರುವಾಗ ಫೋನಿನಲ್ಲಿ ಗಂಟೆ ಬಾರಿಸಿತು. ಮಾಸ್ತರರು ಅದನ್ನು ನಿಲ್ಲಿಸಿ, ಕಿಸೆಯಿಂದ ಒದ್ದೆ ಡೈರಿ ತೆಗೆದು ಅವಳ ಪಕ್ಕ ಕೂತರು.

“ಈಗ ನೀವು ಹೇಳಿ, ನೀರು ಯಾವಾಗ ಏರ್ತದೆ,” ಎಂದರು. “ನಾ ಬರ್ಕಳ್ತೆ.”